ಎಂಟನೆಯ ಜಮಖಾನೆ

ಇನ್ಸ್‌ಪೆಕ್ಟರ್ ವೆಹಿದ್ ಮುಲಾಲಿಚ್ ಮಸೀದಿಯ ಕಲ್ಲುನೆಲದ ಮೇಲೆ ಬೋರಲು ಮಲಗಿ, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಗೋಡೆಯ ಬುಡಕ್ಕೆ ಒತ್ತಿ ಹಿಡಿದಿದ್ದ. ಅವನು ಅಳೆಯುತ್ತಿದ್ದುದು ಇದು ಮೂರನೆಯ ಸಲ. ಮೊದಲ ಎರಡು ಸಲವೂ ಒಂದೇ ಉತ್ತರ ಬಂದಿತ್ತು. ಆದರೆ ಒಂದೇ ಉತ್ತರ ಎರಡು ಸಲ ಬಂದರೆ, ಒಂದೇ ತಪ್ಪನ್ನು ಎರಡು ಸಲ ಮಾಡಿರಲೂಬಹುದು. ಅದು ಅವನ ಜೀವಮಾನದ ಅಂಜಿಕೆ.

ಬೆಳಗಿನ ಹತ್ತು ಗಂಟೆಯಾಗಿತ್ತು. ಮಸೀದಿಯ ಕಾವಲುಗಾರ ಅವ್ದಿಯನನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಗಡುವು ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಆಮೇಲೆ ಸರ್ಕಾರಿ ವಕೀಲರು ಬಂದು ಆ ಎಪ್ಪತ್ತೊಂದು ವರ್ಷದ ಮುದುಕನನ್ನು ಜಿಲ್ಲಾ ಜೈಲಿಗೆ ಒಯ್ಯುತ್ತಾರೆ. ಅವನನ್ನು ಹಿಡಿದು ಹಾಕಿದವನು ವೆಹಿದನೇ. ನಿನ್ನೆ ಸಂಜೆ ಅದು ಸರಿ ಅನ್ನಿಸಿತ್ತು. ರಾತ್ರಿಯೆಲ್ಲ ನಿದ್ದೆ ಬರದೆ ಹೊರಳಾಡಿದ ಮೇಲೆ ಹಾಗೆ ಅನ್ನಿಸುತ್ತಿರಲಿಲ್ಲ.

ಮಸೀದಿಗೆ ಎರಡೇ ಕೀಲಿಕೈ. ಒಂದು ಊರವರು ಗೌರವದಿಂದ ‘ಎಫೆಂದಿ’ ಎಂದು ಕರೆಯುವ ಇಮಾಮ್ ನಜೀಫರ ಹತ್ತಿರ, ಇನ್ನೊಂದು ಅವ್ದಿಯನ ಹತ್ತಿರ. “ಈ ಜಮಖಾನೆಗಳನ್ನ ಹಿಂದೆ ಯಾರಾದರೂ ಎತ್ತಿದ್ದರಾ?” ಎಂದು ಸೋಮವಾರ ವೆಹಿದ್ ಕೇಳಿದಾಗ ಇಮಾಮರು ಇಲ್ಲ ಅಂದಿದ್ದರು. ಅವ್ದಿಯ ಏನೂ ಅನ್ನಲಿಲ್ಲ. ಗೋಡೆ ನೋಡುತ್ತಾ ಕೂತ. ಆ ಮೌನವೇ ಅವನಿಗೆ ಕೋಳವಾಯಿತು.

ಬಿಸ್ತ್ರಾ ಊರಿನಲ್ಲಿ ಸತ್ತವರ ಪೆಟ್ಟಿಗೆಯ ಮೇಲೆ ಹೊದಿಸಿದ ಜಮಖಾನೆ ಮತ್ತೆ ಮನೆಗೆ ಹೋಗುವುದಿಲ್ಲ. ಅದನ್ನು ಮಸೀದಿಯಲ್ಲಿ, ಹಿಂದಿನವರ ಜಮಖಾನೆಯ ಮೇಲೆ ಹಾಸುತ್ತಾರೆ. ಹಾಸಿದ್ದನ್ನು ಯಾರೂ ಎತ್ತುವುದಿಲ್ಲ. ಇಮಾಮರು ನಿಂತು ಪ್ರಾರ್ಥನೆ ನಡೆಸುವ ಗೋಡೆಗೂಡಿನ ಮುಂದೆ ಹಾಸುವುದು, ಮಸೀದಿ ಕಟ್ಟಿಸಿದವನದನ್ನು ಬಿಟ್ಟರೆ, ಇಮಾಮರಾಗಿ ತೀರಿಕೊಂಡವರದು ಮಾತ್ರ. ಬೆಂಕಿಗೂ ಯುದ್ಧಗಳಿಗೂ ಹೋದದ್ದು ಬಿಟ್ಟು ಅಲ್ಲಿ ಎಂಟು ಪದರ ಉಳಿದಿದ್ದವು ಎಂದು ಊರಿನ ನಂಬಿಕೆ. ತೀರ ಕೆಳಗಿನದು, ಮಸೀದಿ ಕಟ್ಟಿಸಿದ ಸೆಫೆರ್ ಬೇಗನ ಪೆಟ್ಟಿಗೆಯ ಮೇಲೆ ನಾನೂರಿಪ್ಪತ್ತು ವರ್ಷದ ಹಿಂದೆ ಅವನ ಮಗಳು ಹೊದಿಸಿದ್ದು.

ಸೋಮವಾರ ಸಾರಾಯೇವೊದ ವಸ್ತುಸಂಗ್ರಹಾಲಯದಿಂದ ಡಾಕ್ಟರ್ ಇಫೇತಾ ಕರಾಬೆಗ್ ಬಂದಿದ್ದಳು. ಹಳೆಯ ನೇಯ್ಗೆಯಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹೆಸರು. ಮಸೀದಿಯನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಬೇಕಾದರೆ ಪದರಗಳನ್ನು ಎತ್ತಿ ನೋಡಲೇಬೇಕು ಎಂದು ಅವಳು ಮೊದಲೇ ಕಾಗದ ಬರೆದಿದ್ದಳು. ಊರಿನವರು ಎರಡು ತಿಂಗಳು ಜಗಳವಾಡಿ ಒಪ್ಪಿದ್ದರು. ಆಯಾ ಮನೆಯವರೇ ಬಂದು, ತಮ್ಮವರ ಹೆಸರು ಹೇಳಿ, ತಮ್ಮ ಕೈಯಾರೆ ಎತ್ತಿಕೊಟ್ಟರು. ಏಳು ಪದರ ಎದ್ದವು. ಎಂಟನೆಯದರ ಜಾಗದಲ್ಲಿ ಬರಿ ಕಲ್ಲಿತ್ತು.

ಆ ಕಲ್ಲಿನ ಮೇಲೆಯೇ ವೆಹಿದ್ ಮಲಗಿದ್ದ.

ಕಲ್ಲಿನಲ್ಲಿ ಒಂದು ಬಿಳಿಚಿದ ಚೌಕ ಇತ್ತು. ಶತಮಾನಗಟ್ಟಲೆ ಒಂದೇ ಕಡೆ ಬಿದ್ದಿದ್ದ ಜಮಖಾನೆ ತನ್ನ ಗುರುತನ್ನು ಬಿಟ್ಟುಹೋಗಿತ್ತು. ಚೌಕದ ಅಂಚು ಗೋಡೆಗೆ ನೇರವಾಗಿತ್ತು, ಒಂದು ಬೆರಳಿನಷ್ಟೂ ಅತ್ತಿತ್ತ ಇರಲಿಲ್ಲ. ಅವನ ಮೊಣಕೈ ಪಕ್ಕದಲ್ಲಿ ಇಫೇತಾ ಸೋಮವಾರ ಏಣಿ ಹತ್ತಿ ತೆಗೆದ ಏಳು ಫೋಟೊಗಳಿದ್ದವು. ಏಳರಲ್ಲೂ ಜಮಖಾನೆ ಓರೆಯಾಗಿತ್ತು. ಎಡ ಮೂಲೆ ಗೋಡೆಗೆ ತಾಗಿದ್ದರೆ, ಬಲ ಮೂಲೆ ಗೋಡೆಯಿಂದ ಒಂದು ಗೇಣು ದೂರ.

“ಕಳ್ಳನ್ನ ನೆಲದಲ್ಲಿ ಹುಡುಕ್ತಿದ್ದೀಯೋ, ಇಲ್ಲಾ ನಿದ್ದೆ ಹೋದ್ಯೋ?”

ಬಾಗಿಲಲ್ಲಿ ಜುಮ್ರಾ ಅಜ್ಜಿ ನಿಂತಿದ್ದಳು. ಎಂಬತ್ತು ದಾಟಿದ ಹೆಂಗಸು. ಅವಳ ಅಪ್ಪ ಇದೇ ಮಸೀದಿಯಲ್ಲಿ ಇಮಾಮರಾಗಿದ್ದವರು. ಚಪ್ಪಲಿ ಬಿಟ್ಟು, ತಲೆವಸ್ತ್ರ ಸರಿಮಾಡಿಕೊಂಡು ಒಳಗೆ ಬಂದಳು. ವೆಹಿದ್ ಗಡಬಡಿಸಿ ಎದ್ದು ಕೂತ. ಬಾಯಿಂದ ದಾರ ಇನ್ನೂ ಜೋತಾಡುತ್ತಿತ್ತು.

“ಅವ್ದಿಯನ್ನ ಹಿಡಿದು ಹಾಕಿದ್ಯಂತೆ. ಭಾರಿ ಶೂರ ಕಣಪ್ಪ ನೀನು. ಅವನಿಗೆ ಮಂಡಿ ಬಗ್ಗಲ್ಲ. ಓಡಿ ಹೋಗ್ತಾನೆ ಅಂತ ಬೀಗ ಬೇರೆ.”

ವೆಹಿದ್ ದಾರವನ್ನು ಬಾಯಿಂದ ತೆಗೆದ. ಇಲ್ಲಿ ಜಮಖಾನೆಗಳನ್ನು ಗೋಡೆಗೆ ಓರೆಯಾಗಿ ಹಾಸುವುದು ಯಾವಾಗ ಶುರುವಾಯಿತು ಎಂದು ಕೇಳಿದ. ಅವನು ಹುಟ್ಟಿದಾಗಿನಿಂದ ಹಾಗೆಯೇ ನೋಡಿದ್ದ. ಸಾಲಾಗಿ ನಿಲ್ಲುವ ಜನವೂ ಗೋಡೆಗೆ ಒಂದಿಷ್ಟು ವಾರೆಯಾಗಿ ನಿಲ್ಲುತ್ತಿದ್ದರು. ಅದು ವಾರೆ ಅಂತ ಅವನಿಗೆ ಇಂದು ದಾರ ಹಿಡಿಯುವವರೆಗೂ ಹೊಳೆದೇ ಇರಲಿಲ್ಲ.

ಅಜ್ಜಿ ಕಂಬಕ್ಕೆ ಒರಗಿ ಕೂತು ಹೇಳಿದಳು. ಯುಗೊಸ್ಲಾವಿಯ ಇದ್ದ ಕಾಲ, ಸಾವಿರದ ಒಂಬೈನೂರ ಎಪ್ಪತ್ನಾಲ್ಕು. ಆಗ ಇಮಾಮರಾಗಿದ್ದ ಹಾಫಿಜ್ ಮೆಸೂದ್ ಒಬ್ಬ ಮೋಜಣಿದಾರನನ್ನು ಕರೆತಂದು ಅಳೆಸಿದರು. ಸೆಫೆರ್ ಬೇಗನ ಮೇಸ್ತ್ರಿಗಳು ಮೆಕ್ಕಾದ ದಿಕ್ಕನ್ನು ಒಂದು ಗೇಣು ತಪ್ಪಿ ಗೋಡೆ ಕಟ್ಟಿದ್ದಾರೆ ಎಂದು ಗೊತ್ತಾಯಿತು. ಗೋಡೆ ತಿರುಗಿಸುವಂತಿಲ್ಲ. ಜನವನ್ನು ತಿರುಗಿಸಬಹುದು.

ಊರು ಎರಡು ಹೋಳಾಯಿತು. ಅಣ್ಣತಮ್ಮಂದಿರು ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುವುದು ಬಿಟ್ಟರು. ನಾನೂರು ವರ್ಷ ಅಜ್ಜಂದಿರು ಮಾಡಿದ ಪ್ರಾರ್ಥನೆ ಎಲ್ಲಿಗೆ ಹೋಯಿತು ಹಾಗಾದರೆ, ಒಂದು ಗೇಣು ಅತ್ತಿತ್ತ ಆದರೆ ದೇವರಿಗೆ ಕೇಳಿಸುವುದಿಲ್ಲವೇ ಎಂದು ಅವ್ದಿಯ ಹಟ ಹಿಡಿದ. ಗೊತ್ತಾದ ಮೇಲೂ ತಪ್ಪು ಕಡೆ ಹೇಗೆ ನಿಲ್ಲಲಿ ಎಂದು ಹಾಫಿಜರು ಅತ್ತರಂತೆ. ಕೊನೆಗೆ ರಾಜಿಯಾಯಿತು. ಇನ್ನು ಮೇಲೆ ಹಾಸುವುದನ್ನೆಲ್ಲ ಸರಿಯಾದ ದಿಕ್ಕಿಗೆ ಹಾಸುವುದು. ಹಳೆಯವರದನ್ನು ಮಾತ್ರ ಮುಟ್ಟುವುದಿಲ್ಲ.

“ಇವತ್ತಿಗೂ ಅವ್ದಿಯ ಹಿಂದಿನ ಸಾಲಲ್ಲಿ ಗೋಡೆಗೆ ನೇರ ನಿಲ್ತಾನೆ, ಒಬ್ನೇ” ಎಂದಳು ಅಜ್ಜಿ. “ನಮ್ಮೂರಿಗೆ ಎರಡು ಮೆಕ್ಕಾ. ಒಂದು ಇಮಾಮರದು, ಒಂದು ಅವ್ದಿಯಂದು.”

“ನಿಮ್ಮ ಅಪ್ಪನ ಜಮಖಾನೆ?”

“ಐವತ್ತೊಂದರಲ್ಲಿ ಹಾಸಿದ್ದು. ನೇರ ಇದೆ. ರಾಜಿ ಆದ ದಿನ ಮೇಲೆ ಅದೇ ಇತ್ತು. ಯಾರಾದ್ರೂ ತಿರುಗಿಸ್ತಾರೇನೋ ಅಂತ ಅವ್ದಿಯ ಪಕ್ಕದಲ್ಲೇ ಮೂರು ದಿನ ಕೂತಿದ್ದ.”

ವೆಹಿದ್ ಫೋಟೊಗಳನ್ನು ಕೈಗೆತ್ತಿಕೊಂಡ. ಮೊದಲನೆಯದು ಯುದ್ಧದಲ್ಲಿ, ತೊಂಬತ್ತಮೂರರಲ್ಲಿ, ಮಿನಾರಿಗೆ ಫಿರಂಗಿ ಗುಂಡು ಬಿದ್ದ ದಿನ ತೀರಿಕೊಂಡ ಇಮಾಮರದು. ಅವರು ಈಗಿನ ಇಮಾಮ್ ನಜೀಫರ ತಂದೆ. ಎರಡನೆಯದು ಹಾಫಿಜ್ ಮೆಸೂದರದು. ಮೂರನೆಯದರಲ್ಲಿ ಕಡುಗೆಂಪು ಅಂಚು, ಅಂಚಿನ ತುಂಬ ದಾಳಿಂಬೆಗಳು. ಅದನ್ನು ಅಜ್ಜಿಯ ಮುಂದೆ ಹಿಡಿದ. ಸೋಮವಾರ ನೋಡಲಿಲ್ಲವೇ ಎಂದು ಕೇಳಿದ.

ಅವತ್ತು ತನ್ನ ತಮ್ಮನ ಮಗ ಎತ್ತಿದ, ತಾನು ಕಣ್ಣು ಮುಚ್ಚಿಕೊಂಡೇ ನಿಂತಿದ್ದೆ ಎಂದಳು. ಕನ್ನಡಕ ಹಾಕಿಕೊಂಡಳು. ಫೋಟೊವನ್ನು ಹತ್ತಿರ ತಂದಳು, ದೂರ ಹಿಡಿದಳು. ಗೋಡೆಯ ಗೆರೆಯ ಮೇಲೆ ಬೆರಳಿಟ್ಟು ದಾಳಿಂಬೆಯ ಅಂಚಿನವರೆಗೆ ಎಳೆದಳು.

“ನಮ್ಮಪ್ಪನ್ನ ಯಾರೋ ತಿರುಗಿಸಿದ್ದಾರೆ” ಎಂದಳು ಕೊನೆಗೆ.

ಅವಳು ಹೋದ ಮೇಲೆ ವೆಹಿದ್ ನಾಲ್ಕನೆಯ ಸಲ ಅಳೆದ.

ಮೂರರಿಂದ ಏಳರವರೆಗಿನ ಐದು ಪದರಗಳು ನೇರವಾಗಿರಬೇಕಿತ್ತು. ಅದರಲ್ಲಿ ಒಂದು ಆಸ್ಟ್ರಿಯಾದವರ ಆಳ್ವಿಕೆಯಲ್ಲಿ, ಚಾವಣಿಗೆ ತಗಡು ಬಂದ ವರ್ಷದ್ದು. ಇನ್ನೊಂದರ ತುಂಬ ಕಿಡಿ ಬಿದ್ದ ತೂತುಗಳು, ಊರಿಗೆ ಬೆಂಕಿ ಹತ್ತಿದ ಕಾಲದ್ದು. ಐದೂ ಓರೆಯಾಗಿದ್ದವು. ಅಂದರೆ ಸೋಮವಾರಕ್ಕೂ ಮೊದಲೇ ಯಾರೋ ಎಲ್ಲವನ್ನೂ ಎತ್ತಿ, ಮತ್ತೆ ಹಾಸಿದ್ದರು. ಹಾಸುವಾಗ ಐದನ್ನೂ ಒಂದು ಗೇಣು ತಿರುಗಿಸಿದ್ದರು.

ಸೋಮವಾರ ಅಲ್ಲಿ ನಲವತ್ತು ಜನ ನಿಂತಿದ್ದರು. ಒಬ್ಬರಿಗೂ ಗೊತ್ತಾಗಲಿಲ್ಲ. ರಾಜಿಯಾದಾಗಿನಿಂದ ಮೂವತ್ತಮೂರು ವರ್ಷ ಓರೆಯನ್ನೇ ನೋಡಿದ ಕಣ್ಣಿಗೆ ಓರೆಯೇ ನೇರ.

ಹೊರಗಿನ ಕಳ್ಳನಾಗಿದ್ದರೆ ಹೇಗೆ ಹಾಸುತ್ತಿದ್ದ? ಗೋಡೆ ನೋಡಿ, ಗೋಡೆಗೆ ಸರಿಯಾಗಿ ಹಾಸುತ್ತಿದ್ದ. ಅಥವಾ ಗುಡ್ಡೆ ಹಾಕಿ ಓಡುತ್ತಿದ್ದ. ಇಲ್ಲಿ ಹಾಸಿದವನ ಕೈ ಯೋಚಿಸಿಲ್ಲ. ಪ್ರಾರ್ಥನೆಗೆ ಜಮಖಾನೆ ಬಿಡಿಸುವವನ ಕೈ ದಿನಾ ಹೋಗುವ ಕಡೆಗೇ ಹೋಗಿದೆ. ಕದಿಯಲು ಬಂದವನೇ ಆಗಿರಲಿ, ಸತ್ತ ಇಮಾಮರನ್ನು ಮೆಕ್ಕಾದ ಕಡೆಗೆ ತಿರುಗಿಸಿ ಹೋಗಿದ್ದಾನೆ.

ಅಂಥ ಕೈಗಳು ಊರಿನಲ್ಲಿ ನೂರಾರಿದ್ದವು. ಕೀಲಿಕೈ ಇದ್ದದ್ದು ಇಬ್ಬರ ಕೈಗಳಲ್ಲಿ ಮಾತ್ರ. ಅವುಗಳಲ್ಲಿ ಅವ್ದಿಯನ ಕೈ ಮಾತ್ರ ಹಾಗೆ ಹಾಸಲಾರದು. ಅವನು ಮೂವತ್ತಮೂರು ವರ್ಷದಿಂದ ಒಬ್ಬನೇ ಆ ಓರೆಗೆ ಬೆನ್ನು ಹಾಕಿದವನು.

ಉಳಿದದ್ದು ಒಂದೇ ಜೊತೆ ಕೈ. ಆ ಕೈಗಳು ವೆಹಿದನ ಮದುವೆಗೆ ಹರಸಿದ್ದವು. ಅವನ ಅಪ್ಪನ ಗೋರಿಗೆ ಮಣ್ಣು ಹಾಕಿದ್ದವು. ಆ ಯೋಚನೆಯನ್ನು ಅವನು ಮೂರು ಸಲ ಪಕ್ಕಕ್ಕಿಟ್ಟ. ಮೂರು ಸಲವೂ ಅದು ಮತ್ತೆ ಎದುರಿಗೆ ಬಂದು ಕೂತಿತು.

ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಇಮಾಮ್ ನಜೀಫ್ ಎಫೆಂದಿ ಅಟ್ಟದಲ್ಲಿದ್ದರು. ಹಿಮ ಕರಗುವ ದಿನಗಳು. ತಗಡಿನ ಸಂದುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ತೊಲೆಗಳ ನಡುವೆ ಹದಿನಾಲ್ಕು ಬೋಗುಣಿ, ಎರಡು ಸ್ನಾನದ ತೊಟ್ಟಿ, ಯಾರದೋ ಮದುವೆಯ ದೊಡ್ಡ ಪಾತ್ರೆ ಇದ್ದವು. ನಲವತ್ತೈದರ ಇಮಾಮರು ಉದ್ದಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದನ್ನೇ ಬಕೆಟ್ಟಿಗೆ ಸುರಿಯುತ್ತಿದ್ದರು.

ಬನ್ನಿ, ತಲೆ ಜೋಪಾನ ಎಂದರು. ಈ ವರ್ಷ ಚಾವಣಿ ದುರಸ್ತಿಯಾಗದಿದ್ದರೆ ಮುಂದಿನ ಚಳಿಗಾಲಕ್ಕೆ ತೊಲೆಗಳು ನಿಲ್ಲುವುದಿಲ್ಲ ಎಂದು ಬಡಗಿ ಹೇಳಿದ್ದಾನೆ, ಸ್ಮಾರಕದ ಪಟ್ಟಿಗೆ ಸೇರಿದರೆ ಸರ್ಕಾರವೇ ಮಾಡಿಸುತ್ತದೆ ಎಂದರು. ಅವ್ದಿಯನಿಗೆ ಊಟ ಕೊಟ್ಟರೇ ಎಂದು ಕೇಳಿದರು. ಮನೆಯಿಂದ ಸೊಪ್ಪು ತುಂಬಿ ಸುಟ್ಟ ಪೀತಾ ಕಳಿಸಿದ್ದೆ, ಮುಟ್ಟಿದನೇ ಎಂದರು.

ಮುಟ್ಟಿಲ್ಲ ಎಂದು ವೆಹಿದ್ ಹೇಳಿದ. ಆಮೇಲೆ ಸುತ್ತುಬಳಸು ಮಾಡಲು ಅವನಿಗೆ ಬರಲಿಲ್ಲ.

“ಎಫೆಂದಿ, ಜಮಖಾನೆ ಯಾವಾಗ ಎತ್ತಿದ್ರಿ?”

ಇಮಾಮರ ಕೈಯಲ್ಲಿ ಬೋಗುಣಿ ಇತ್ತು. ಅದನ್ನು ಅವರು ಸುರಿಯಲೂ ಇಲ್ಲ, ಕೆಳಗೂ ಇಡಲಿಲ್ಲ.

“ನಾನಾ?”

ವೆಹಿದ್ ದಾಳಿಂಬೆ ಅಂಚಿನ ಫೋಟೊವನ್ನು ತೊಲೆಯ ಮೇಲಿಟ್ಟ. ಕಲ್ಲಿನ ಗುರುತಿನ ಬಗ್ಗೆ, ಎಪ್ಪತ್ನಾಲ್ಕರ ರಾಜಿಯ ಬಗ್ಗೆ, ಜುಮ್ರಾ ಅಜ್ಜಿ ಹೇಳಿದ್ದರ ಬಗ್ಗೆ ನಿಧಾನವಾಗಿ, ನಡುನಡುವೆ ತನ್ನನ್ನೇ ತಿದ್ದಿಕೊಳ್ಳುತ್ತಾ ಹೇಳಿದ. ತಪ್ಪಿದ್ದರೆ ಹೇಳಿ ಎಂದ. ತಪ್ಪಿರಲಿ ಎಂದೇ ಬಯಸುತ್ತಿದ್ದ.

ಇಮಾಮರು ಫೋಟೊ ನೋಡಿದರು. ಮುಖದಲ್ಲಿ ಮೊದಲು ಬಂದದ್ದು ಹೆದರಿಕೆಯಲ್ಲ, ಆಶ್ಚರ್ಯ.

“ಓರೆ ಹಾಸಿದ್ದೀವಾ?” ಎಂದರು. “ನನಗೆ ಅನ್ನಿಸಲೇ ಇಲ್ಲ, ವೆಹಿದ್. ದೇವರಾಣೆ, ಇದ್ದ ಹಾಗೇ ಹಾಸಿದ್ದೀನಿ ಅಂತಲೇ ಅಂದ್ಕೊಂಡಿದ್ದೆ.”

ಆಮೇಲೆ ತೊಲೆಯ ಮೇಲೆ ಕೂತುಬಿಟ್ಟರು. ಬೋಗುಣಿಯ ನೀರು ಅಂಗಿಯ ಮೇಲೆ ಚೆಲ್ಲಿದ್ದು ಅವರಿಗೆ ಗೊತ್ತಾಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ, ಒಂದು ಮಂಗಳವಾರ, ಊರಿನವರೆಲ್ಲ ಪ್ಲಮ್ ಹಣ್ಣು ಕೀಳಲು ಹೋಗಿದ್ದಾಗ ಎತ್ತಿದೆ ಎಂದರು. ಊರಿಗೆ ಹೇಳದೆ ಸತ್ತವರನ್ನು ಎಬ್ಬಿಸುವುದು ಇಲ್ಲಿ ಇಮಾಮನಾದವನು ಮಾಡುವ ಕೆಲಸವಲ್ಲ. ಚಾವಣಿಗೋಸ್ಕರ ಮಾಡಿದೆ. ಕೆಳಗೆ ನಿಜವಾಗಿಯೂ ಏನಿದೆ ಎಂದು ಮೊದಲೇ ಗೊತ್ತಾದರೆ ಪಟ್ಟಿಯ ಕೆಲಸ ಬೇಗ ಆಗುತ್ತದೆ ಅನ್ನಿಸಿತು. ಎಂಟೂ ಇದ್ದವು. ಸೆಫೆರ್ ಬೇಗನದು ಕಲ್ಲಿಗೆ ಅಂಟಿಕೊಂಡ ಹಾಗಿತ್ತು. ನೀಲಿ ಬಣ್ಣ ನಿನ್ನೆ ಅದ್ದಿ ತೆಗೆದಂತಿತ್ತು. ಅದನ್ನು ಕಂಡು ಕಣ್ಣಲ್ಲಿ ನೀರು ಬಂತು. ಮತ್ತೆ ಎಲ್ಲವನ್ನೂ ಹಾಸಿ, ಬಾಗಿಲು ಹಾಕಿದೆ. ಹಾಸುವಾಗ ಅದು ಅಲ್ಲೇ ಇತ್ತು.

“ಒಬ್ಬರೇ ಎತ್ತಿದ್ರಾ?”

“ಒಬ್ಬನೇ.”

ಸೋಮವಾರ ಒಂದೊಂದನ್ನೂ ಇಬ್ಬರು ಮೂವರು ಸೇರಿ ಎತ್ತಿದ್ದನ್ನು ವೆಹಿದ್ ನೋಡಿದ್ದ. ಹಾಗೆಂದ. ಹಾಸಿದ್ದೀವಾ ಎಂದು ಆಗಲೇ ನಿಮ್ಮ ಬಾಯಿಂದಲೇ ಬಂತು ಎಂದೂ ಅಂದ. ಇಮಾಮರು ತಲೆ ತಗ್ಗಿಸಿದರು.

“ಇನ್ನೊಂದು ತುದಿ ಹಿಡಿದವರು ಯಾರು, ಎಫೆಂದಿ?”

“ನನ್ನನ್ನ ಕರ್ಕೊಂಡು ಹೋಗಿ. ಇವತ್ತೇ ಹೋಗೋಣ. ಬೇರೆಯವರ ಹೆಸರು ಕೇಳಬೇಡಿ. ಹೇಳಿದರೆ ಈ ಚಾವಣಿ ಬಿದ್ದ ಹಾಗೇ.”

ಹೆಸರಿಗೂ ಚಾವಣಿಗೂ ಏನು ಸಂಬಂಧ ಎಂದು ವೆಹಿದ್ ಕೇಳಿದ. ಇಮಾಮರು ಖಾಲಿಯಾದ ಬೋಗುಣಿಯನ್ನು ಸೋರುವ ಸಂದಿನ ಕೆಳಗಿಟ್ಟರು. ಸೋಮವಾರ ಕೇಳಿದಾಗ ನೀವು ಇಲ್ಲ ಅಂದದ್ದಕ್ಕೆ ಒಬ್ಬ ಮುದುಕ ನಿನ್ನೆಯಿಂದ ಒಳಗಿದ್ದಾನೆ ಎಂದ. ಇಮಾಮರು ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡರು. ತಾನು ಯಾವತ್ತೂ ಗದರಿಸಿ ಮಾತಾಡದ ಮನುಷ್ಯನನ್ನು ಗದರಿಸುತ್ತಿದ್ದೇನೆ ಎಂದು ವೆಹಿದನಿಗೆ ಅರಿವಾಯಿತು. ತಾನು ಬರುವವರೆಗೆ ಊರು ಬಿಡಬೇಡಿ ಎಂದು ಹೇಳಿ ಎರಡು ಗಂಟೆಯ ಹೊತ್ತಿಗೆ ಏಣಿ ಇಳಿದ. ಇಳಿಯುವಾಗ ಮೇಲೆ ಮತ್ತೆ ನೀರು ಸುರಿಯುವ ಸದ್ದು ಕೇಳಿಸಿತು.

ಬಿಡುಗಡೆಯ ಕಾಗದ ಬರೆಸಿಕೊಂಡು ಠಾಣೆ ಮುಟ್ಟಿದಾಗ ಮೂರೂವರೆ. ಕಾನ್‌ಸ್ಟೆಬಲ್ ಜೆಲ್ಕೊ ಬಾಗಿಲಲ್ಲೇ ಸಿಕ್ಕಿದ. ಮುದುಕ ಬೆಳಗಿನಿಂದ ಕಾಫಿ ಬಿಟ್ಟು ಏನೂ ಮುಟ್ಟಿಲ್ಲ ಎಂದು ವರದಿ ಕೊಟ್ಟ.

“ನಮ್ಮ ಲಾಕಪ್ಪಿನಲ್ಲಿ ದಿಕ್ಕು ಯಾವ ಕಡೆ ಅಂತ ಕೇಳ್ದ, ಸಾಹೇಬ್ರೇ. ನಾನು ಕ್ಯಾಥೊಲಿಕ್, ನಂಗೇನು ಗೊತ್ತು? ಕಿಟಕಿ ಕಡೆ ಇರ್ಬೇಕು ಅಂದೆ. ಇಲ್ಲ ಅಂತ ನನ್ನನ್ನೇ ಬೈದು ಬಾಗಿಲ ಕಡೆ ನಿಂತ.”

ಅವ್ದಿಯ ಮರದ ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದ. ಬಾಗದ ಮಂಡಿ, ಬಾಗದ ಬೆನ್ನು. ವೆಹಿದ್ ಬಿಡುಗಡೆಯ ಕಾಗದವನ್ನು ಜೇಬಿನಿಂದ ತೆಗೆದು ಅವನ ಪಕ್ಕ ಕೂತ. ಮೊದಲು ಕ್ಷಮೆ ಕೇಳಿದ. ಆಮೇಲೆ, ತಡೆಯಲಾರದೆ, ಲೆಕ್ಕ ಬಿಡಿಸಿದ ವಿದ್ಯಾರ್ಥಿಯಂತೆ ದಾರ, ಕಲ್ಲು, ಗೇಣು ಎಲ್ಲವನ್ನೂ ವಿವರಿಸಿದ. ನೀವಾಗಿದ್ದರೆ ನೇರ ಹಾಸುತ್ತಿದ್ದಿರಿ, ಅದಕ್ಕೇ ನೀವಲ್ಲ ಎಂದ. ಇಮಾಮರು ಒಪ್ಪಿಕೊಂಡದ್ದನ್ನೂ ಹೇಳಿದ.

ಮುದುಕ ಎಲ್ಲ ಕೇಳಿಸಿಕೊಂಡ. ಅವನ ಗಡ್ಡದೊಳಗೆ ನಗುವಿನಂಥದೇನೋ ಮೂಡಿ ಮಾಯವಾಯಿತು.

“ಓದಿದವನು ನೀನು, ಮಗಾ. ಚೆನ್ನಾಗಿ ಅಳೆದಿದ್ದೀಯ. ಆದ್ರೆ ಲೆಕ್ಕ ತಪ್ಪು.”

“ಯಾಕೆ?”

“ಇನ್ನೊಂದು ತುದಿ ಹಿಡಿದೋನು ನಾನೇ.”

ವೆಹಿದನಿಗೆ ಬೆಳಗಿನಿಂದ ಕಾಲ ಕೆಳಗಿದ್ದ ಕಲ್ಲು ಸರಿದ ಹಾಗಾಯಿತು. ಹಾಗಾದರೆ ಓರೆ ಹಾಸಲು ಹೇಗೆ ಒಪ್ಪಿದಿರಿ ಎಂದು ಕೇಳಿದ.

ಅವ್ದಿಯ ಕೈಗಳನ್ನು ನೋಡಿಕೊಂಡ. ಆವತ್ತು ಎಲ್ಲಕ್ಕಿಂತ ಮೇಲಿದ್ದದ್ದು ಇಮಾಮರ ಅಪ್ಪನದು ಎಂದ. ಆ ಅಪ್ಪನನ್ನು ಮಿನಾರಿನ ಕಲ್ಲುಗಳ ಅಡಿಯಿಂದ ತೆಗೆದವನು ತಾನು. ಪೆಟ್ಟಿಗೆ ಮುಚ್ಚಿದವನು ತಾನು.

“ಎತ್ತುವಾಗಲೇ ಎಫೆಂದಿ ಅಪ್ಪನ ಜಮಖಾನೆಗೆ ಮುಖ ಒತ್ತಿ ಅತ್ತಿದ್ರು. ಮತ್ತೆ ಹಾಸುವಾಗ ಅವರ ತುದಿ ಆ ಕಡೆ ಹೋಯ್ತು. ನಂಗೆ ಗೊತ್ತಾಯ್ತು. ಒಂದು ಮಾತು ಅಂದಿದ್ರೆ ಸರಿ ಮಾಡ್ತಿದ್ರು. ಮೂವತ್ತಮೂರು ವರ್ಷ ಜಗಳ ಆಡಿದ್ದೆ. ಆವತ್ತು ಬಾಯಿ ಬರ್ಲಿಲ್ಲ. ನನ್ನ ತುದೀನೂ ಅವರ ಹಿಂದೇನೇ ಹೋಯ್ತು.”

ಯಾರಿಗೂ ಹೇಳುವುದಿಲ್ಲ ಎಂದು ಆ ಗೂಡಿನ ಮುಂದೆ ನಿಂತು ಇಮಾಮರಿಗೆ ಮಾತು ಕೊಟ್ಟಿದ್ದ. ಇಮಾಮರು ತಾವಾಗಿ ಒಪ್ಪಿಕೊಂಡಿದ್ದಾರೆ ಅಂದದ್ದಕ್ಕೆ, ನನ್ನ ಪಾಲಿನದು ಇಷ್ಟು ಹೇಳಿದೆ ಎಂದ.

ಅಂದರೆ ಇನ್ನೂ ಯಾರದೋ ಪಾಲು ಉಳಿದಿತ್ತು. ವೆಹಿದ್ ಗಡಿಯಾರ ನೋಡಿದ. ನಾಲ್ಕಕ್ಕೆ ಹದಿನೈದು ನಿಮಿಷ. ತನ್ನ ಕೈಯಲ್ಲಿದ್ದ ಬಿಡುಗಡೆಯ ಕಾಗದಕ್ಕೆ ಈಗ ಆಧಾರವೇ ಇರಲಿಲ್ಲ. ಅವ್ದಿಯ ನಿರಪರಾಧಿ ಎಂಬುದು ಬೆಳಗ್ಗೆಗಿಂತ ಈಗ ಹೆಚ್ಚು ಖಚಿತವಾಗಿತ್ತು. ಅದನ್ನು ತೋರಿಸುವ ದಾರಿ ಮಾತ್ರ ಕೈಬಿಟ್ಟು ಹೋಗಿತ್ತು.

“ಆವತ್ತು ನೀವಿಬ್ಬರೇ ಇದ್ರಾ?”

ಅವ್ದಿಯ ಬಾಗಿಲ ಕಡೆ ಕಣ್ಣು ಹಾಯಿಸಿದ. ಹೊರಗೆ ಕಾರೊಂದು ನಿಂತ ಸದ್ದಾಯಿತು.

“ಮೂರನೆಯವರೂ ಇದ್ರು” ಎಂದ ತಗ್ಗಿದ ದನಿಯಲ್ಲಿ. “ದೀಪ ಹಿಡ್ಕೊಂಡು, ಒಂದೊಂದು ಪದರಕ್ಕೂ ಫೋಟೊ ತಗೊಂಡ್ರು. ಸೆಫೆರ್ ಬೇಗಂದು ಕಂಡಾಗ ನೆಲದ ಮೇಲೇ ಕೂತುಬಿಟ್ರು. ಎಫೆಂದಿ ಅವರಿಗೇ ಮಾತು ಕೊಟ್ಟಿದ್ದು. ನಾನು ಕೊಟ್ಟಿದ್ದು ಎಫೆಂದಿಗೆ.”

“ಯಾರು?”

“ಸೋಮವಾರ ನನ್ನ ಕೈ ಕುಲುಕಿದ್ರು. ‘ನಿಮ್ಮ ಪರಿಚಯ ಆಗಿದ್ದು ಸಂತೋಷ’ ಅಂದ್ರು. ದೊಡ್ಡವರಲ್ವಾ, ಮರೆತಿರ್ಬೇಕು ಅಂದ್ಕೊಂಡೆ.”

ಸೋಮವಾರ ಹೊರಗಿನಿಂದ ಬಂದವಳು ಒಬ್ಬಳೇ, ಇಫೇತಾ. ಚಾವಣಿ ಉಳಿಸುವ ಸ್ಮಾರಕಗಳ ಪಟ್ಟಿಯೂ ಅವಳ ಕೈಯಲ್ಲೇ ಇತ್ತು. ವೆಹಿದ್ ಖಾಲಿ ಕಾಗದ, ಪೆನ್ನು ಮುಂದೆ ಹಿಡಿದ. ಇದನ್ನು ಬರೆದು ಕೊಡಿ, ಈ ಕ್ಷಣ ಹೊರಗೆ ಹೋಗುತ್ತೀರಿ ಎಂದ. ಮುದುಕ ಪೆನ್ನು ಮುಟ್ಟಲಿಲ್ಲ. ಎಫೆಂದಿ ಬಂದು ಕೊಟ್ಟ ಮಾತಿನಿಂದ ಬಿಡಿಸಲಿ, ಆಗ ಎಲ್ಲರ ಮುಂದೆ ಹೇಳುತ್ತೇನೆ. ಈಗ ನಿನ್ನ ಕಿವಿಗೆ ಹೇಳಿದ್ದು ಮಾತ್ರ ಎಂದ. ಅದಕ್ಕೆ ಜೈಲಿಗೆ ಹೋಗಬೇಕಾಗುತ್ತದೆ ಎಂದರೆ, ಅಲ್ಲಿಯೂ ಒಂದು ದಿಕ್ಕು ಇರುತ್ತದಲ್ಲ ಎಂದ.

ಬಾಗಿಲು ತೆರೆಯಿತು. ಸರ್ಕಾರಿ ವಕೀಲರು ಐದು ನಿಮಿಷ ಮುಂಚೆಯೇ ಬಂದಿದ್ದರು. ಅವರ ಹಿಂದೆ, ಬೂದು ಕೋಟಿನ, ಕತ್ತರಿಸಿದ ನರೆಗೂದಲಿನ ಡಾಕ್ಟರ್ ಇಫೇತಾ ಕರಾಬೆಗ್. ಅವಳ ಹೇಳಿಕೆಯನ್ನು ಬೆರಳಚ್ಚು ಮಾಡಿಸಿದ್ದರು. ಸಹಿ ಒಂದು ಬಾಕಿ ಇತ್ತು.

ಅವಳು ಅವ್ದಿಯನ ಕಡೆ ನೋಡಿ ಮೃದುವಾಗಿ ತಲೆಯಾಡಿಸಿದಳು. ಇಷ್ಟು ವಯಸ್ಸಾದವರನ್ನು ಹಲಗೆಯ ಮೇಲೆ ಮಲಗಿಸಿದ್ದೀರಾ, ಜೈಲಿನಲ್ಲಿ ಒಂದು ಹಾಸಿಗೆಯಾದರೂ ಸಿಗುವಂತೆ ಮಾಡಿ ಎಂದು ವಕೀಲರಿಗೆ ಹೇಳಿದಳು. ಅವಳ ದನಿಯಲ್ಲಿ ನಟನೆ ಇದೆಯೇ ಎಂದು ವೆಹಿದ್ ಕಿವಿಗೊಟ್ಟು ಕೇಳಿದ. ಕೇಳಿಸಲಿಲ್ಲ. ಅದೇ ಅವನನ್ನು ಹೆದರಿಸಿತು. ಮುದುಕನೇ ಸುಳ್ಳಾಡಿದ್ದರೆ?

ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕೆಂದು ನಿಯಮ. ಯಾರೂ ಪಾಲಿಸದ ಆ ನಿಯಮವನ್ನು ವೆಹಿದ್ ಯಾವಾಗಲೂ ಪಾಲಿಸುತ್ತಿದ್ದ. ಅದಕ್ಕೇ ವಕೀಲರು ನಿಟ್ಟುಸಿರಿಟ್ಟು ಕುರ್ಚಿ ಎಳೆದುಕೊಂಡರು. ಅವನು ಸಾಲು ಸಾಲಾಗಿ ಓದಿದ. ಎರಡನೆಯ ಪುಟದಲ್ಲಿ ಬೆರಳು ನಿಲ್ಲಿಸಿದ.

“‘ನಾನು ಸೆಫೆರ್ ಬೇಗನ ಮಸೀದಿಯೊಳಗೆ ಮೊದಲ ಸಲ ಕಾಲಿಟ್ಟದ್ದು ಈ ಸೋಮವಾರ.’ ಈ ಸಾಲು ಸರಿ ಇದೆಯಾ, ಡಾಕ್ಟರ್?”

ಮುದುಕ ತಲೆಯೆತ್ತಿ ಗೋಡೆ ನೋಡಿದ.

“ಸರಿ ಇದೆ” ಎಂದಳು ಇಫೇತಾ. “ಯಾಕೆ, ತಿಂಗಳು ಏನಾದ್ರೂ ತಪ್ಪಿದೆಯಾ?” ಆ ಸಾಲಿನಲ್ಲಿ ತಿಂಗಳ ಮಾತೇ ಇರಲಿಲ್ಲ.

“ಇಲ್ಲ. ಸರಿ ಇದ್ದರೆ ಸಾಕು.”

ಅವಳು ಸಹಿ ಹಾಕಿದಳು. ಅವಸರವಿಲ್ಲದ, ದುಂಡಗಿನ ಅಕ್ಷರಗಳು. ವಕೀಲರು ಅವ್ದಿಯನಿಗೆ ಏಳಲು ಹೇಳಿದರು. ಮಂಡಿ ಸಹಕರಿಸಲಿಲ್ಲ. ಜೆಲ್ಕೊ ತೋಳು ಹಿಡಿದು ಎಬ್ಬಿಸಿದ. ಬಾಗಿಲು ದಾಟುವಾಗ ಮುದುಕ ವೆಹಿದನ ಕಡೆ ಒಮ್ಮೆ ನೋಡಿದ. ಬೇಡಿಕೊಳ್ಳುವ ನೋಟವಾಗಿರಲಿಲ್ಲ ಅದು. ಕೇಳಿಸಿಕೊಂಡೆ ತಾನೇ ಎಂದು ಖಚಿತ ಮಾಡಿಕೊಳ್ಳುವ ನೋಟ.

ಈಗ ಬಾಯಿಬಿಟ್ಟರೆ ಅವನ ಹತ್ತಿರ ಒಂದು ಪಿಸುಮಾತು ಬಿಟ್ಟು ಏನೂ ಇಲ್ಲ. ಅವಳು ಎಚ್ಚೆತ್ತುಕೊಳ್ಳುತ್ತಾಳೆ, ಸೆಫೆರ್ ಬೇಗನ ಜಮಖಾನೆ ಎಲ್ಲಿದೆಯೋ ಅಲ್ಲಿಂದಲೂ ಮಾಯವಾಗುತ್ತದೆ, ಮುದುಕ ಜೈಲಿನಲ್ಲೇ ಸಾಯುತ್ತಾನೆ. ಬಾಯಿಬಿಡದಿದ್ದರೆ ಸಹಿ ಮಾಡಿದ ಒಂದು ಸುಳ್ಳು ತನ್ನ ಕೈಯಲ್ಲಿ ಉಳಿಯುತ್ತದೆ. ವೆಹಿದ್ ಬಾಯಿ ಮುಚ್ಚಿಕೊಂಡ. ಅಂಗಳದಲ್ಲಿ ಕಾರಿನ ಬಾಗಿಲು ಹಾಕಿದ ಸದ್ದನ್ನು ನಿಂತಲ್ಲೇ ಕೇಳಿದ.

ಇಫೇತಾ ಚೀಲದಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಉಳಿದ ಏಳು ಜಮಖಾನೆಗಳು ಇಲ್ಲಿ ಇನ್ನು ಭದ್ರವಲ್ಲ, ಇವತ್ತೇ ಸಾರಾಯೇವೊಗೆ ಒಯ್ಯುತ್ತೇನೆ, ವ್ಯಾನು ಮಸೀದಿಯ ಬಾಗಿಲಿಗೆ ಬಂದಾಗಿದೆ ಎಂದಳು. ವಕೀಲರ ಸಹಿ ಆಗಲೇ ಬಿದ್ದಿತ್ತು. ಅದರ ಕೆಳಗೆ ಇಮಾಮ್ ನಜೀಫರ ಸಹಿಯೂ ಇತ್ತು. ಇವತ್ತಿನ ತಾರೀಖು, ಮಧ್ಯಾಹ್ನ ಎರಡೂವರೆ. ಅಂದರೆ ವೆಹಿದ್ ಅಟ್ಟದಿಂದ ಇಳಿದುಹೋದ ಮೇಲೆ.

ಪೊಲೀಸರ ಸಹಿಗಿದ್ದ ಮೂರನೆಯ ಗೆರೆ ಖಾಲಿ ಇತ್ತು. ಅದು ತುಂಬದೆ ವ್ಯಾನು ಹೊರಡುವಂತಿರಲಿಲ್ಲ.

“ಇಲ್ಲಿ, ಇನ್ಸ್‌ಪೆಕ್ಟರ್” ಎಂದು ಅವಳು ತನ್ನ ಪೆನ್ನನ್ನೇ ಅವನ ಕಡೆ ಚಾಚಿದಳು. “ಎಫೆಂದಿಯವರು ನಿಮ್ಮ ಜೊತೆ ಬಹಳ ಹೊತ್ತು ಮಾತಾಡಿದೆ ಅಂದ್ರು. ಓದಿ ನೋಡ್ತೀರೇನು, ಅಥವಾ ನಾನೇ ಓದಿ ಹೇಳಲಾ?”